ನಿಂಬೆತೋಟದ ಊರು ಲಿಮೋನೆ



ಒಲೆಯ ಮೇಲೆ ಹಾಲಿಟ್ಟಿದ್ದರೆ ಉರಿ ಸಣ್ಣ ಮಾಡಿ ಬನ್ನಿ. ಈ ಸಲ ಸ್ವಲ್ಪ ದೂರ ಹೋಗುವುದಿದೆ, ಇಟಲಿ ದೇಶಕ್ಕೆ! ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು ಇಟಲಿ ಬೂಟಿನ ಆಕಾರದಲ್ಲಿದೆ ಅಂತ ಹೇಳಿಕೊಟ್ಟದ್ದಷ್ಟೇ ನನಗೂ ನೆನಪಿದ್ದದ್ದು. ಆ ಬೂಟಿನ ಮೇಲುತುದಿಯಲ್ಲಿ, ಹಿಮದ ಬೆಟ್ಟಗಳ ಬುಡದಲ್ಲಿ, ಒಂದು ಸರೋವರದ ದಂಡೆಗೆ ಅಂಟಿಕೊಂಡ ಹಾಗಿರುವ ಪುಟ್ಟ ಊರಿನ ಕಥೆ ಇದು. ಹೆಸರು ಲಿಮೋನೆ. ನೋಡಿದವಳಲ್ಲ ನಾನು, ಓದಿದವಳು. ಲೈಬ್ರರಿಯಿಂದ ಮೂರು ಪುಸ್ತಕ ತಂದು, ಮಗನ ಹಳೆಯ ಅಟ್ಲಾಸನ್ನು ಊಟದ ಮೇಜಿನ ಮೇಲೆ ಹರಡಿ, ನಮ್ಮ ಮನೆಯವರಿಂದ ‘ಇವತ್ತು ಸಾರು ಇಟಲಿಯಿಂದ ಬರತ್ತಾ?’ ಅಂತ ಹಾಸ್ಯವನ್ನೂ ಮಾಡಿಸಿಕೊಂಡಾಯಿತು.

ಇಷ್ಟೆಲ್ಲ ಊರು ಬಿಟ್ಟು ಆ ಊರೇ ಯಾಕೆ ಎಂದಿರಾ? ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಮನೆಯವರಿಗೆ ಎದೆನೋವು ಬಂದು, ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದದ್ದು ನಿಮ್ಮಲ್ಲಿ ಅನೇಕರಿಗೆ ಗೊತ್ತೇ ಇದೆ. ಆಗ ಎರಡು ಸಂಚಿಕೆಗೆ ನಾನು ಬರೆಯಲಾಗಲಿಲ್ಲ. ಧೈರ್ಯ ಹೇಳಿ ನೀವು ಹಾಕಿದ ಕಾಗದಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೂ ಇಟ್ಟುಕೊಂಡಿದ್ದೇನೆ. ಹೋದ ವರ್ಷ ಯುಗಾದಿ ಕಳೆದ ಮೇಲೆ ನನ್ನ ನಾದಿನಿಯ ಮೊಬೈಲಿಗೆ ಯಾರೋ ಒಂದು ಸುದ್ದಿ ಕಳಿಸಿದರು. ಇಟಲಿಯಲ್ಲಿ ಲಿಮೋನೆ ಅಂತ ಊರಿದೆಯಂತೆ, ಅಲ್ಲಿಯವರಿಗೆ ಹೃದಯದ ಕಾಯಿಲೆ ಬರುವುದೇ ಇಲ್ಲವಂತೆ, ದಿನವೂ ನಿಂಬೆಹಣ್ಣು ತಿನ್ನುವುದೇ ಕಾರಣವಂತೆ! ‘ಅತ್ತಿಗೆ, ಅಣ್ಣನಿಗೆ ನಾಳೆಯಿಂದಲೇ ಶುರುಮಾಡಿ’ ಅಂದಳು ಅವಳು. ಅಕ್ಕರೆಯಿಂದಲೇ ಅಂದದ್ದು. ನಾನೂ ಮರುದಿನವೇ ಶುರುಮಾಡಿದೆ. ಅದರಿಂದ ಏನಾಯಿತು ಎನ್ನುವುದನ್ನು ಆಮೇಲೆ ಹೇಳ್ತೀನಿ. ಮೊದಲು ಊರು ನೋಡಿಕೊಂಡು ಬರೋಣ.

ಆ ಸರೋವರದ ಹೆಸರು ಗಾರ್ದಾ. ಇಟಲಿಯ ಸರೋವರಗಳಲ್ಲೆಲ್ಲ ದೊಡ್ಡದು, ಸುಮಾರು 370 ಚದರ ಕಿಲೋಮೀಟರು. ಉದ್ದ ಐವತ್ತು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಆಳ ಇರುವ ಕಡೆ 346 ಮೀಟರು. ನಮ್ಮ ದಿಲ್ಲಿಯ ಕುತುಬ್ ಮಿನಾರುಗಳು ನಾಲ್ಕನ್ನು ಒಂದರ ಮೇಲೊಂದು ನಿಲ್ಲಿಸಿದರೂ ತುದಿ ಕಾಣದಷ್ಟು! ಬಹಳ ಬಹಳ ಹಿಂದೆ ಹಿಮದ ನದಿಗಳು ಬೆಟ್ಟದಿಂದ ಜಾರುತ್ತಾ ನೆಲವನ್ನು ಕೊರೆದು ಮಾಡಿದ ಹಳ್ಳ ಅದು. ನಕ್ಷೆಯಲ್ಲಿ ನೋಡಿದರೆ ನಮ್ಮ ಹುಳಿ ಬಡಿಸುವ ಸೌಟಿನ ಹಾಗೆಯೇ ಕಾಣುತ್ತದೆ. ದಕ್ಷಿಣಕ್ಕೆ ಅಗಲವಾದ ಬಟ್ಟಲು, ಉತ್ತರಕ್ಕೆ ಸಪೂರ ಹಿಡಿ. ಆ ಹಿಡಿಯ ಎರಡು ಕಡೆಯೂ ಬೆಟ್ಟಗಳು ನೀರಿನಿಂದಲೇ ನೆಟ್ಟಗೆ ಎದ್ದು ನಿಂತಿವೆ. ಲಿಮೋನೆ ಇರುವುದು ಹಿಡಿಯ ಪಶ್ಚಿಮದ ದಡದಲ್ಲಿ. ಹಿಂದೆ ಬಂಡೆ, ಮುಂದೆ ನೀರು, ನಡುವೆ ಒಂದಿಷ್ಟು ಇಳಿಜಾರು. ಎದುರು ದಡದಲ್ಲಿ ಮಾಲ್ಚೆಸಿನೆ ಎಂಬ ಊರು ಮತ್ತು ಅದರ ಕೋಟೆ; ಅದರ ಬೆನ್ನಿಗೆ ಮೋಂತೆ ಬಾಲ್ದೋ ಎಂಬ ಬೆಟ್ಟ, 2,200 ಮೀಟರಿಗೂ ಎತ್ತರ. ಈ ನೀರಿನ ಮೇಲೆ ಗಾಳಿಗೂ ವೇಳಾಪಟ್ಟಿ ಇದೆ ನೋಡಿ! ಬೆಳಗಿನ ಹೊತ್ತು ಉತ್ತರದಿಂದ ‘ಪೆಲೇರ್’ ಬೀಸುತ್ತದೆ, ಮಧ್ಯಾಹ್ನದ ಮೇಲೆ ದಕ್ಷಿಣದಿಂದ ‘ಓರಾ’. ಹಾಯಿದೋಣಿಯವರು ಇದನ್ನೇ ನಂಬಿಕೊಂಡು ಹೋಗಿಬಂದು ಮಾಡುತ್ತಿದ್ದರು.

ಹೋಗಿಬರಲು ಬೇರೆ ದಾರಿಯೂ ಇರಲಿಲ್ಲ ಎನ್ನಿ. 1931ರ ತನಕ ಲಿಮೋನೆಗೆ ಗಾಡಿ ಹೋಗುವ ರಸ್ತೆಯೇ ಇರಲಿಲ್ಲ. ಒಂದೋ ದೋಣಿ, ಇಲ್ಲವೋ ಬೆಟ್ಟ ಹತ್ತಿ ಇಳಿಯುವ ಕಾಲುದಾರಿ. ಸೂಲಗಿತ್ತಿ ಬೇಕೆಂದರೂ ಬೇರೆ ಊರಿಂದ ಹೆಣ್ಣು ತರಬೇಕೆಂದರೂ ಅದೇ. ಈ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಇಟಲಿಯವರ ಮಾತಿನಲ್ಲಿ ಲಿಮೋನೆ ಎಂದರೆ ನಿಂಬೆಹಣ್ಣೇ. ಅರಬ್ಬರು ಪರ್ಷಿಯದವರ ಬಾಯಲ್ಲಿ ಹಾಯ್ದು ಅವರಿಗೆ ಸಿಕ್ಕಿದ ಮಾತದು. ನಮ್ಮ ನಿಂಬೆಗೂ ಉತ್ತರ ಕರ್ನಾಟಕದವರ ಲಿಂಬಿಗೂ ಅದರ ಜೊತೆ ನೆಂಟಸ್ತಿಕೆ ಇದೆ ಎನ್ನುತ್ತಾರೆ ಬಲ್ಲವರು. ಹಾಗಾದರೆ ನಿಂಬೆಯಿಂದಲೇ ಊರಿಗೆ ಹೆಸರು ಬಂತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲವಂತೆ! ಗಡಿ ಎಂಬ ಅರ್ಥದ ಹಳೆಯ ಲ್ಯಾಟಿನ್ ಮಾತಿನಿಂದಲೋ, ಎಲ್ಮ್ ಎಂಬ ಮರದ ಹಳೆಯ ಹೆಸರಿನಿಂದಲೋ ಬಂದಿರಬೇಕು ಎನ್ನುತ್ತಾರೆ. ಗಡಿಯ ಊರಂತೂ ಹೌದು. ಮೊದಲ ಮಹಾಯುದ್ಧ ಮುಗಿಯುವ ತನಕ, ಅಂದರೆ 1918ರವರೆಗೆ, ಲಿಮೋನೆಯಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಆಸ್ಟ್ರಿಯದ ಸೀಮೆ ಶುರುವಾಗುತ್ತಿತ್ತು. ಅದಕ್ಕೂ ಹಿಂದೆ, ಹದಿನೈದನೆಯ ಶತಮಾನದಿಂದ 1797ರವರೆಗೆ, ಈ ದಡ ವೆನಿಸ್ ನಗರದವರ ಆಳ್ವಿಕೆಯಲ್ಲಿತ್ತು. ಹೆಸರು ಮೊದಲಿಗೆ ಬಂತು, ನಿಂಬೆ ಹಿಂದಿನಿಂದ ಬಂತು. ಕಸ್ತೂರಿ ಎಂದು ಹೆಸರಿಟ್ಟ ಮಗು ದೊಡ್ಡವಳಾಗಿ ಅತ್ತರಿನ ಅಂಗಡಿಯವನನ್ನೇ ಮದುವೆಯಾದ ಹಾಗಾಯಿತು!

ಅವರ ನಿಂಬೆಗೂ ನಮ್ಮದಕ್ಕೂ ವ್ಯತ್ಯಾಸವಿದೆ. ನಾವು ಉಪ್ಪಿನಕಾಯಿಗೆ ಹಾಕುವುದು ಗುಂಡಗಿನ, ತೆಳು ಸಿಪ್ಪೆಯ ಹಣ್ಣು. ನಮ್ಮ ಇಂಡಿಯ ಕಡೆ ಬೆಳೆಯುವುದೂ ಅದೇ. ಅವರದು ದೊಡ್ಡದು, ಹಳದಿ, ದಪ್ಪ ಸಿಪ್ಪೆ, ತುದಿಯಲ್ಲಿ ಮೊನೆ. ಅದು ಮಾದಲಕ್ಕೂ ಹುಳಿ ಕಿತ್ತಳೆಗೂ ಹುಟ್ಟಿದ ಬೆರಕೆ ತಳಿ. ಈ ಜಾತಿಯ ಹಣ್ಣುಗಳ ತೌರೇ ನಮ್ಮ ಹಿಮಾಲಯದ ತಪ್ಪಲು ಸೀಮೆ. ಬಿಸಿಲು ಬೇಡುವ ಗಿಡ, ಚಳಿ ತಾಗಿದರೆ ಸುಟ್ಟುಹೋಗುತ್ತದೆ. ಲಿಮೋನೆ ಇರುವುದಾದರೂ ಎಲ್ಲಿ? ಭೂಮಧ್ಯರೇಖೆಯಿಂದ ನಲವತ್ತೈದು ಡಿಗ್ರಿಗೂ ಆಚೆ. ನಮ್ಮ ಶ್ರೀನಗರ ಇರುವುದೇ ಮೂವತ್ತನಾಲ್ಕರಲ್ಲಿ! ಅಂಥ ಚಳಿಯ ಸೀಮೆಯಲ್ಲಿ ನಿಂಬೆ ಬೆಳೆದದ್ದು ಅರ್ಧ ಸರೋವರದ ದಯೆ, ಅರ್ಧ ಮನುಷ್ಯರ ಹಟ. ಆಳದ ನೀರು ಬೇಸಿಗೆಯ ಕಾವನ್ನು ಹಂಡೆಯ ನೀರಿನ ಹಾಗೆ ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ಮೆಲ್ಲಗೆ ಬಿಡುತ್ತದೆ, ಹಿಂದಿನ ಬಂಡೆ ಕೊರೆಯುವ ಗಾಳಿಯನ್ನು ತಡೆಯುತ್ತದೆ. ಉಳಿದದ್ದನ್ನು ಮನುಷ್ಯರು ಮಾಡಬೇಕಿತ್ತು.

ಏನು ಮಾಡಿದರು ಕೇಳಿ. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕಲ್ಲಿನ ಗೋಡೆ ಕಟ್ಟಿದರು. ಒಳ್ಳೆಯ ಮಣ್ಣನ್ನು ದೋಣಿಯಲ್ಲಿ ಹೊತ್ತು ತಂದು ತುಂಬಿದರು ಎಂದು ಹೇಳುತ್ತಾರೆ. ಮೂರು ಕಡೆ ಎತ್ತರದ ಗೋಡೆ, ಸರೋವರದ ಕಡೆಗೆ ಮಾತ್ರ ಬಯಲು. ಆ ಬಯಲಲ್ಲಿ ಸಾಲಾಗಿ ಚೌಕದ ಕಲ್ಲುಕಂಬಗಳು, ಎರಡಾಳು ಮೂರಾಳು ಎತ್ತರಕ್ಕೂ ಮಿಗಿಲಾದವು. ಕಂಬದಿಂದ ಕಂಬಕ್ಕೆ ಮರದ ತೊಲೆ. ಬೇಸಿಗೆಯಲ್ಲಿ ನೋಡಿದರೆ ಚಾವಣಿ ಇಲ್ಲದ ಹಾಳು ಗುಡಿಯ ಹಾಗೆ ಬರಿಯ ಕಂಬಗಳೇ. ನವೆಂಬರು ಬಂತೆಂದರೆ ಊರಿಗೆ ಊರೇ ತೋಟದಲ್ಲಿ! ಹಲಗೆಗಳನ್ನು ಹೊತ್ತು ತಂದು ಮೇಲೆ ಮುಚ್ಚುವುದು, ಮುಂದುಗಡೆಗೆ ಗಾಜಿನ ಚೌಕಟ್ಟುಗಳನ್ನು ಜೋಡಿಸುವುದು, ಸಂದುಗೊಂದುಗಳಿಗೆ ಒಣಹುಲ್ಲು ತುರುಕುವುದು. ಇಡೀ ತೋಟವೇ ಒಂದು ಮನೆಯಾಗಿಬಿಡುತ್ತಿತ್ತು. ಇದಕ್ಕೆ ‘ಲಿಮೊನಾಯಾ’ ಎನ್ನುತ್ತಾರೆ, ನಿಂಬೆಮನೆ ಅನ್ನೋಣ. ಮಾರ್ಚಿಯ ಸುಮಾರಿಗೆ ಅಷ್ಟನ್ನೂ ಬಿಚ್ಚಿ ಒಳಗಿಡಬೇಕು. ನಾವು ವರ್ಷಕ್ಕೊಮ್ಮೆ ಅಟ್ಟದ ಪಾತ್ರೆ ಇಳಿಸಿ ಹತ್ತಿಸುವುದಕ್ಕೇ ಸೊಂಟ ಹಿಡಿದುಕೊಳ್ಳುತ್ತೇವೆ!

ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದಿದೆ. ಚಳಿಯ ರಾತ್ರಿ ಒಳಗೆ ಎಷ್ಟು ಕಾವಿದೆ ಎಂದು ತಿಳಿಯುವುದು ಹೇಗೆ? ತೋಟದವನು ಅಲ್ಲಲ್ಲಿ ಬಟ್ಟಲಲ್ಲಿ ನೀರಿಟ್ಟಿರುತ್ತಿದ್ದ. ನೀರಿನ ಮೇಲೆ ಹಿಮದ ಕೆನೆ ಕಟ್ಟಲು ಶುರುವಾಯಿತೋ, ಎದ್ದು ಒಳಗೆ ಬೆಂಕಿ ಹಾಕುತ್ತಿದ್ದ. ಯಾವ ಯಂತ್ರವೂ ಬೇಡ, ಒಂದು ಬಟ್ಟಲು ನೀರು ಸಾಕು. ಹಾಲು ಹೆಪ್ಪಾಗಿದೆಯೋ ಇಲ್ಲವೋ ಎಂದು ಪಾತ್ರೆ ಒಂಚೂರು ವಾಲಿಸಿ ನೋಡುವ ನಮಗೆ ಇಂಥ ಬುದ್ಧಿ ಬೇಗ ಅರ್ಥವಾಗುತ್ತದೆ, ಅಲ್ಲವೆ?

ಹಣ್ಣು ಆಲ್ಪ್ಸ್ ಬೆಟ್ಟ ದಾಟಿ ಜರ್ಮನಿ, ಆಸ್ಟ್ರಿಯ, ಇನ್ನೂ ಮೇಲಿನ ಚಳಿದೇಶಗಳಿಗೆ ಹೋಗುತ್ತಿತ್ತು. ಹುಳಿ ಹಣ್ಣಿನ ಮುಖ ಕಾಣದವರು ಒಳ್ಳೆಯ ಬೆಲೆ ಕೊಡುತ್ತಿದ್ದರು. 1786ರ ಸೆಪ್ಟೆಂಬರ್ 13ರಂದು ಜರ್ಮನಿಯ ಮಹಾಕವಿ ಗಯಟೆ ನಸುಕಿನಲ್ಲೇ ದೋಣಿ ಹತ್ತಿ ಈ ಊರಿನ ಮುಂದೆ ಹಾದುಹೋದ. ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟ ಹತ್ತಿದ ಬಿಳಿಯ ಕಂಬಗಳನ್ನೂ ನಿಂಬೆಗಿಡಗಳನ್ನೂ ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಪಾಪ, ಅಷ್ಟರಲ್ಲಿ ಗಾಳಿ ತಿರುಗಿತು. ದೋಣಿ ಎದುರು ದಡದ ಮಾಲ್ಚೆಸಿನೆಗೆ ಹೋಗಿ ನಿಂತಿತು. ಸುಮ್ಮನಿರಲಾರದೆ ಕವಿ ಅಲ್ಲಿಯ ಕೋಟೆಯ ಚಿತ್ರ ಬರೆಯುತ್ತ ಕುಳಿತ. ಊರಿನವರು ಇವನು ಆಸ್ಟ್ರಿಯದ ಗೂಢಚಾರನೇ ಇರಬೇಕು ಅಂತ ಮುತ್ತಿಕೊಂಡು, ಒಬ್ಬ ಚಿತ್ರವನ್ನೇ ಹರಿದುಹಾಕಿದ! ಹಿಂದೆ ಫ್ರಾಂಕ್‌ಫರ್ಟಿನಲ್ಲಿ ಕೆಲಸಕ್ಕಿದ್ದ ಅದೇ ಊರಿನವನೊಬ್ಬ ಬಂದು, ಮಾತಾಡಿಸಿ ನೋಡಿ, ಇವರು ಮರ್ಯಾದಸ್ಥರು ಎಂದ ಮೇಲೆ ಬಿಟ್ಟರು. ಮಹಾಕವಿಯಾದರೇನು, ಪರಊರಿನಲ್ಲಿ ಪರಿಚಯದವರೊಬ್ಬರು ಬೇಕಪ್ಪ.

ತೋಟ ಚೆಂದ, ಹಣ್ಣು ಚೆಂದ. ಆದರೆ ತೋಟದ ಯಜಮಾನರು ಒಬ್ಬರು, ದುಡಿಯುವವರು ಇನ್ನೊಬ್ಬರು. ಊರಿನಿಂದ ಸ್ವಲ್ಪ ಮೇಲೆ ತೆಸೋಲ್ ಎಂಬಲ್ಲಿ ಒಂದು ನಿಂಬೆತೋಟ. ಅಲ್ಲಿ ಕೆಲಸದ ಮಾಲಿ ಲುಯಿಜಿ ಕೊಂಬೋನಿ, ಅವನ ಹೆಂಡತಿ ದೊಮೇನಿಕಾ. ಈ ದೊಮೇನಿಕಾಳನ್ನು ಕುರಿತು ಪುಸ್ತಕಗಳಲ್ಲಿ ಇರುವುದು ನಾಲ್ಕೇ ಸಾಲು. ಆ ನಾಲ್ಕು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಎಂಟು ಮಕ್ಕಳನ್ನು ಹೆತ್ತಳು. ಒಂದೊಂದಾಗಿ ಮಣ್ಣಿಗಿಟ್ಟಳು. ಉಳಿದದ್ದು ನಾಲ್ಕನೆಯವನು ಒಬ್ಬನೇ, ದಾನಿಯೇಲೆ. ಹುಟ್ಟಿದ್ದು 1831ರ ಮಾರ್ಚ್ 15. ಹುಡುಗ ಚುರುಕು, ಕಿಸೆಯಲ್ಲಿ ಕಾಸಿಲ್ಲ. ಬಡ ಜಾಣ ಮಕ್ಕಳನ್ನು ಓದಿಸುತ್ತಿದ್ದ ನಿಕೋಲಾ ಮಾತ್ಸಾ ಎಂಬ ಪಾದ್ರಿಯೊಬ್ಬರ ಶಾಲೆ ವೆರೋನಾ ನಗರದಲ್ಲಿತ್ತು. 1843ರಲ್ಲಿ, ಸುಮಾರು ಹನ್ನೆರಡರ ವಯಸ್ಸಿನಲ್ಲಿ, ಮಗ ದೋಣಿ ಹತ್ತಿದ.

ಓದಿ ಪಾದ್ರಿಯಾದ. ಆಫ್ರಿಕದ ಸೂಡಾನಿಗೆ ಹೋಗಬೇಕು ಎಂಬ ಹಂಬಲ ಹತ್ತಿತು. ಆ ಕಾಲದಲ್ಲಿ ಅಲ್ಲಿಗೆ ಹೋದ ಯೂರೋಪಿನವರಲ್ಲಿ ಎಷ್ಟೋ ಮಂದಿ ಜ್ವರದಿಂದ ವರ್ಷ ತುಂಬುವುದರೊಳಗೆ ತೀರಿಹೋಗುತ್ತಿದ್ದರು. ಅದು ಮಗನಿಗೂ ಗೊತ್ತು, ತಾಯಿಗೂ ಗೊತ್ತು. ನಾನು ಹೋದರೆ ಅಪ್ಪ ಅಮ್ಮನಿಗೆ ಗತಿ ಯಾರು ಎಂದು ಅವನು ಬಹಳ ದಿನ ತೊಳಲಾಡಿದ. ಕೊನೆಗೆ ಹೋಗು ಎಂದರು ತಂದೆ ತಾಯಿ. 1857ರ ಸೆಪ್ಟೆಂಬರಿನಲ್ಲಿ ಹಡಗು ಹತ್ತಿದ. ಮರುವರ್ಷ, 1858ರ ಜುಲೈನಲ್ಲಿ, ದೊಮೇನಿಕಾ ತೀರಿಕೊಂಡಳು. ಸುದ್ದಿ ನೈಲ್ ನದಿಯ ಮೇಲ್ಸೀಮೆಯಲ್ಲಿದ್ದ ಮಗನಿಗೆ ಮುಟ್ಟಲು ತಿಂಗಳುಗಳೇ ಹಿಡಿದವು.

ಮಗನ ಕಥೆ ದೊಡ್ಡದು. ಜ್ವರದಿಂದ ಸಾಯುವ ಹಾಗಾಗಿ ಹಿಂತಿರುಗಿದ, ಮತ್ತೆ ಹೋದ, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ, 1877ರಲ್ಲಿ ಮಧ್ಯ ಆಫ್ರಿಕದ ಮೊದಲ ಬಿಷಪ್ ಆದ, 1881ರ ಅಕ್ಟೋಬರ್ 10ರಂದು ಖಾರ್ಟೂಮಿನಲ್ಲಿ ಐವತ್ತನೆಯ ವಯಸ್ಸಿಗೆ ಕಣ್ಣು ಮುಚ್ಚಿದ. 2003ರಲ್ಲಿ ಅವನನ್ನು ಸಂತ ಎಂದು ಸಾರಿದರು. ತೆಸೋಲಿನ ಮನೆಯನ್ನು ಈಗ ಜನ ನೋಡಲು ಹೋಗುತ್ತಾರೆ. ಪುಣ್ಯವಂತ, ಇಲ್ಲ ಅನ್ನುವುದಿಲ್ಲ. ಆದರೂ ನನ್ನ ಮನಸ್ಸೆಲ್ಲ ಆ ನಿಂಬೆತೋಟದ ಮೆಟ್ಟಿಲ ಮೇಲೆಯೇ ಕುಳಿತುಬಿಡುತ್ತದೆ. ಸಂಜೆ ದೋಣಿ ಬರುವ ಹೊತ್ತಿಗೆ ಅವಳು ನೀರಿನ ಕಡೆ ನೋಡುತ್ತಿದ್ದಳೋ ಇಲ್ಲವೋ? ನನ್ನ ಮಗ ಬೆಂಗಳೂರಿನಿಂದ ಎರಡು ದಿನ ಫೋನು ಮಾಡದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ದೊಮೇನಿಕಾ ಹೋಗುವ ಕಾಲಕ್ಕೆ ತೋಟಗಳಿಗೂ ಕೆಟ್ಟ ಕಾಲ ಬಂದಿತ್ತು. 1850ರ ದಶಕದಲ್ಲಿ ಗಿಡದ ಬೊಡ್ಡೆಯಿಂದ ಅಂಟು ಸುರಿಯುವ ರೋಗ ಹಬ್ಬಿತು. ಆಮೇಲೆ ಇಟಲಿಯ ಚೂರು ಚೂರು ರಾಜ್ಯಗಳೆಲ್ಲ ಒಂದಾಗಿ, ರೈಲು ಬಂದು, ದಕ್ಷಿಣದ ಸಿಸಿಲಿಯ ನಿಂಬೆ ಅಗ್ಗದಲ್ಲಿ ಬಂದು ಸುರಿಯಿತು. ಅಲ್ಲಿ ಹಲಗೆಯ ಖರ್ಚಿಲ್ಲ, ಗಾಜಿನ ಖರ್ಚಿಲ್ಲ, ಬಯಲಲ್ಲೇ ಬೆಳೆ. ಪೈಪೋಟಿ ಹೇಗೆ ಸಾಧ್ಯ? ನಾವು ಟೀಚಮಚದಲ್ಲಿ ಅಳೆದು ಬಳಸುವ ಸಿಟ್ರಿಕ್ ಆಸಿಡ್ ಹರಳು ಇದೆಯಲ್ಲ, ಹಿಂದೆ ಅದನ್ನು ಇಟಲಿಯ ನಿಂಬೆರಸದಿಂದಲೇ ತೆಗೆಯುತ್ತಿದ್ದರು. 1917ರಲ್ಲಿ ಜೇಮ್ಸ್ ಕರ್ರಿ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಸಕ್ಕರೆಯ ಮೇಲೆ ಒಂದು ಜಾತಿಯ ಬೂಷ್ಟು ಬೆಳೆಸಿ ಅದನ್ನು ಮಾಡಬಹುದು ಎಂದು ತೋರಿಸಿದ. ಈಗ ಅಂಗಡಿಯಲ್ಲಿ ಸಿಗುವುದು ಆ ಬಗೆಯದೇ, ನಿಂಬೆಗೂ ಅದಕ್ಕೂ ಸಂಬಂಧವಿಲ್ಲ. ನನಗಂತೂ ಇದು ಹೊಸ ಸುದ್ದಿ! ಜೊತೆಗೆ ಯುದ್ಧ ಬಂತು, ಗಡಿಯ ಊರು ಬೇರೆ. 1928–29ರ ಚಳಿ ಅಳಿದುಳಿದ ಗಿಡಗಳನ್ನೂ ಸುಟ್ಟಿತು. ಡಿ. ಎಚ್. ಲಾರೆನ್ಸ್ ಎಂಬ ಇಂಗ್ಲಿಷ್ ಕಾದಂಬರಿಕಾರ 1912–13ರಲ್ಲಿ ಇದೇ ದಡದ ಗಾರ್ಞಾನೋ ಎಂಬ ಊರಿನಲ್ಲಿದ್ದವನು, ಹಾಳುಬೀಳುತ್ತಿದ್ದ ನಿಂಬೆಮನೆಗಳ ಬಗ್ಗೆ ಆಗಲೇ ಬರೆದಿದ್ದ. ಕಂಬಗಳು ಮಾತ್ರ ನಿಂತವು, ಕಂಬಗಳ ನಡುವೆ ಕಳೆ.

ಇನ್ನು 1931ರ ರಸ್ತೆ. ಗಾರ್ಞಾನೋದಿಂದ ಉತ್ತರ ತುದಿಯ ರೀವಾ ಪಟ್ಟಣದವರೆಗೆ ಬಂಡೆಯನ್ನೇ ಕೊರೆದು ಮಾಡಿದ್ದು, ಸುರಂಗಗಳೇ ಎಪ್ಪತ್ತಕ್ಕೂ ಮೇಲೆ. ಅಂತೂ ಲಿಮೋನೆಗೆ ಮೋಟಾರು ಬಂತು. ಅದರ ಹಿಂದೆ ಪ್ರವಾಸಿಗಳು, ಎರಡನೆಯ ಮಹಾಯುದ್ಧ ಮುಗಿದ ಮೇಲಂತೂ ಹಿಂಡು ಹಿಂಡು.

ಈಗ ನೀವು ಸೆರಗಿಗೆ ಹಾಕಿಕೊಂಡ ಗಂಟು ಬಿಚ್ಚಿ. ನೂರಾರು ವರ್ಷ ದಾರಿಯಿಲ್ಲದ ಊರು. ಹೆಣ್ಣು ಗಂಡು ಎಲ್ಲಿಂದ ತರುವುದು? ಅಲ್ಲಲ್ಲೇ. ಸೋದರಮಾವ, ಅತ್ತೆಮಗ ಎಂದು ಸಂಬಂಧ ಬೆಳೆಸುವ ನಮಗೆ ಇದೇನು ಹೊಸದಲ್ಲ. ಹೀಗೆ ಬಳಸಿ ಬಳಸಿ ಮದುವೆಯಾದರೆ ಒಂದು ಮನೆಯ ರಕ್ತದ ಗುಣ ಊರಲ್ಲೇ ಸುತ್ತುತ್ತದೆ. ಹೆಚ್ಚಿನ ಸಲ ಸುತ್ತುವುದು ಕಾಯಿಲೆಯೇ. ಇಲ್ಲಿ ಮಾತ್ರ ಸುತ್ತಿದ್ದು ಬೇರೆ.

1970ರ ದಶಕದಲ್ಲಿ ಮಿಲಾನ್ ನಗರದಲ್ಲಿ ರೈಲ್ವೆ ಕೆಲಸದಲ್ಲಿದ್ದ ಒಬ್ಬ ಮನುಷ್ಯನ ರಕ್ತ ಪರೀಕ್ಷೆಯಾಯಿತು. ಹುಟ್ಟೂರು ಲಿಮೋನೆ. ರಿಪೋರ್ಟು ನೋಡಿದ ವೈದ್ಯರಿಗೆ ಗಾಬರಿ! ‘ಒಳ್ಳೆಯ ಕೊಲೆಸ್ಟರಾಲ್’ ಎನ್ನುತ್ತಾರಲ್ಲ, ಅದು ಬಹಳ ಕಡಿಮೆ. ಟ್ರೈಗ್ಲಿಸರೈಡ್ ಎಂಬ ಕೊಬ್ಬು ಜಾಸ್ತಿ. ಲೆಕ್ಕದ ಪ್ರಕಾರ ಇವನ ರಕ್ತನಾಳಗಳು ಕಟ್ಟಿರಬೇಕು. ನೋಡಿದರೆ ಚೊಕ್ಕವಾಗಿವೆ. ಮಿಲಾನ್ ವಿಶ್ವವಿದ್ಯಾಲಯದ ಚೇಸರೆ ಸಿರ್ತೋರಿ ಮತ್ತು ಅವರ ಸಂಗಡಿಗರು ಹಟ ಹಿಡಿದು ಹುಡುಕಿದರು. ರಕ್ತದಲ್ಲಿ ಕೊಬ್ಬನ್ನು ಹೊತ್ತು ಸಾಗಿಸುವ ಒಂದು ಪ್ರೋಟೀನು ಇದೆ, 243 ಮಣಿಗಳ ಸರದ ಹಾಗೆ. ಈತನ ಸರದಲ್ಲಿ 173ನೆಯ ಮಣಿ ಒಂದು ಮಾತ್ರ ಬೇರೆ! ಅಷ್ಟೇ ವ್ಯತ್ಯಾಸ. ಪತ್ತೆಯಾದ ನಗರದ ನೆನಪಿಗೆ ಅದಕ್ಕೆ ‘ಎ-1 ಮಿಲಾನೋ’ ಎಂದು ಹೆಸರಿಟ್ಟು, 1980ರಲ್ಲಿ ಲೋಕಕ್ಕೆ ತಿಳಿಸಿದರು. ಆಮೇಲೆ ಲಿಮೋನೆಯ ಜನರೆಲ್ಲ ಸಾಲಾಗಿ ಬಂದು ರಕ್ತ ಕೊಟ್ಟರು. ಸಾವಿರ ಜನರಲ್ಲಿ ಈ ಗುಣ ಇದ್ದದ್ದು ಮೂವತ್ತು ನಲವತ್ತು ಮಂದಿಗೆ. ಚರ್ಚಿನ ಮದುವೆ, ನಾಮಕರಣದ ಹಳೆಯ ದಫ್ತರಗಳನ್ನು ತಿರುವಿ ನೋಡಿದರೆ ಎಲ್ಲರ ಬೇರೂ ಒಂದೇ ಮನೆತನಕ್ಕೆ ಹೋಗಿ ಮುಟ್ಟಿತು.

ಗಮನಿಸಿ ಸೋದರಿಯರೆ. ಮೂವತ್ತು ನಲವತ್ತು ಮಂದಿಗೆ ಮಾತ್ರ. ಉಳಿದ ಒಂಬೈನೂರು ಚಿಲ್ಲರೆ ಜನ ಅದೇ ಗಾಳಿ ಕುಡಿದವರು, ಅದೇ ನಿಂಬೆ ಹಿಂಡಿದವರು. ಅವರ ರಕ್ತದಲ್ಲಿ ಈ ಗುಣ ಇಲ್ಲ. ಇದು ಹೊಟ್ಟೆಗೆ ತಿಂದದ್ದರಿಂದ ಬಂದದ್ದಲ್ಲ, ಹೊಟ್ಟೆಯಿಂದ ಹುಟ್ಟುವಾಗಲೇ ಬಂದದ್ದು.

ಈಗ ನನ್ನ ಕಥೆ. ನಾಚಿಕೆಯಾದರೂ ಹೇಳಿಬಿಡುತ್ತೇನೆ. ಬಿಸಿನೀರು, ನಿಂಬೆರಸ, ಜೇನು, ದಿನವೂ ಬೆಳಿಗ್ಗೆ ಕೊಟ್ಟೆ. ಹದಿನೈದು ದಿನ ಕಳೆದ ಮೇಲೆ ನಮ್ಮ ಮನೆಯವರು ‘ಮೈ ಹಗುರಾಗಿದೆ ಕಣೆ, ರಾತ್ರಿಯ ಆ ಕೊಬ್ಬಿನ ಮಾತ್ರೆ ಇನ್ನು ಬೇಡ, ಕಾಲೆಲ್ಲ ನೋವು’ ಎಂದರು. ಸರಿ ಎಂದೆ. ನಾನೇ ಸರಿ ಎಂದೆ! ಆ ಮಾತ್ರೆಯ ಪಟ್ಟಿಯನ್ನು ಎತ್ತಿ ಸಾಸಿವೆ ಡಬ್ಬಿಯ ಹಿಂದೆ ಇಟ್ಟದ್ದೂ ಈ ಕೈಯೇ. ಮೂರು ತಿಂಗಳ ಮೇಲೆ ವಾಡಿಕೆಯ ಪರೀಕ್ಷೆಗೆ ಹೋದೆವು. ಕೆಟ್ಟ ಕೊಲೆಸ್ಟರಾಲು 68 ಇದ್ದದ್ದು 142. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅವರನ್ನಲ್ಲ, ನನ್ನನ್ನು ನೋಡಿದರು. ‘ಮಾತ್ರೆ ನಿಲ್ಲಿಸಿದಿರಾ ಅಮ್ಮ?’ ಎಂದರು. ಬಾಯಿ ಕಟ್ಟಿಹೋಯಿತು. ಲಿಮೋನೆಯ ಕಥೆ ಹೇಳಿದೆ. ಅವರು ನಗಲಿಲ್ಲ. ‘ನಿಂಬೆಹಣ್ಣು ಬೇಡ ಅನ್ನೋದಿಲ್ಲ. ಸ್ಟೆಂಟ್ ಹಾಕಿದವರು ಹೀಗೆ ತಾವೇ ಮಾತ್ರೆ ಬಿಟ್ಟರೆ ಮತ್ತೆ ನಾಳ ಕಟ್ಟಬಹುದು. ಕಾಲು ನೋವು ಇದ್ದರೆ ನನಗೆ ಹೇಳಬೇಕಿತ್ತು, ಬೇರೆ ಮಾತ್ರೆ ಕೊಡುತ್ತಿದ್ದೆ’ ಎಂದರು. ಕೊಟ್ಟರೂ ಕೊಟ್ಟರು, ಕಾಲು ನೋವೂ ಹೋಯಿತು. ಇಷ್ಟಕ್ಕೆ ಮೂರು ತಿಂಗಳು ಅವರ ಜೀವವನ್ನು ಪಣಕ್ಕಿಟ್ಟಿದ್ದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಲೈಬ್ರರಿಗೆ ಹೋದೆ. ಈ ಲಿಮೋನೆ ನಿಜವಾಗಿಯೂ ಇದೆಯೋ, ಯಾರೋ ಕಟ್ಟಿದ ಕಥೆಯೋ ನೋಡಿಯೇಬಿಡೋಣ ಅಂತ. ಊರು ನಿಜ, ತೋಟ ನಿಜ, ರಕ್ತದ ಗುಣವೂ ನಿಜ. ಸುಳ್ಳು ಇದ್ದದ್ದು ಇವನ್ನು ಒಂದಕ್ಕೊಂದು ಹೊಲಿದ ಹೊಲಿಗೆಯಲ್ಲಿ.

ಆ ಪ್ರೋಟೀನನ್ನೇ ಔಷಧಿ ಮಾಡಿ ಕೊಟ್ಟರೆ ಹೇಗೆ ಎಂದು ದೊಡ್ಡ ದೊಡ್ಡ ಕಂಪನಿಗಳೂ ಯೋಚಿಸಿದವು ನೋಡಿ. 2003ರಲ್ಲಿ ನಲವತ್ತೇಳು ರೋಗಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ವಾರಕ್ಕೊಂದರಂತೆ ಐದು ಸಲ ಅದನ್ನು ನಾಳಕ್ಕೆ ಕೊಟ್ಟಾಗ ಕಟ್ಟಿದ ಕೊಬ್ಬು ಸ್ವಲ್ಪ ಇಳಿದದ್ದು ಕಂಡಿತು. ಪತ್ರಿಕೆಗಳೆಲ್ಲ ಹಾಡಿ ಹೊಗಳಿದವು. 2016ರಲ್ಲಿ ಇನ್ನೂ ದೊಡ್ಡದಾಗಿ ಮಾಡಿ ನೋಡಿದಾಗ, ಮಾಮೂಲು ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಅದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ಕಂಪನಿಯವರು ಕೈಬಿಟ್ಟರು. ಅಷ್ಟೆಲ್ಲ ಕೋಟಿ ಸುರಿದವರಿಗೆ ಆಗದ್ದು ನನ್ನ ಒಂದು ಲೋಟ ಜೇನುನೀರಿನಿಂದ ಆಗಿಬಿಡುತ್ತದೆ ಎಂದುಕೊಂಡಿದ್ದೆನಲ್ಲ! ನಾದಿನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅತ್ತಳು ಪಾಪ. ಅವಳ ತಪ್ಪೇನಿದೆ? ಪಟ್ಟಿ ಬಚ್ಚಿಟ್ಟವಳು ನಾನು.

ಇವತ್ತಿನ ಲಿಮೋನೆಯಲ್ಲಿ ಜನ ಸಾವಿರಕ್ಕೆ ಸ್ವಲ್ಪ ಹೆಚ್ಚು. ಬೇಸಿಗೆಯಲ್ಲಿ ಊರಿನವರಿಗಿಂತ ಹೊರಗಿನವರೇ ಎಷ್ಟೋ ಪಟ್ಟು. ನಿಂಬೆಮನೆಗಳಲ್ಲಿ ಒಂದೆರಡನ್ನು ಮತ್ತೆ ದುರಸ್ತಿ ಮಾಡಿದ್ದಾರೆ. ಕೋಟೆ ಎಂಬ ಅರ್ಥದ ‘ಕಾಸ್ತೆಲ್’ ಎಂಬ ತೋಟವನ್ನು ಊರಿನ ಆಡಳಿತದವರೇ ಕೊಂಡು, ಗಿಡ ನೆಟ್ಟು, ಬಂದವರಿಗೆ ತೋರಿಸುತ್ತಾರೆ. ಆಲಿವ್ ಎಣ್ಣೆಯ ಗಾಣ ಇದೆ. 2018ರಲ್ಲಿ ಬಂಡೆಯ ಮೈಗೆ ನೀರಿನ ಮೇಲೆ ತೂಗುಹಾಕಿದ ಹಾಗೆ ಒಂದು ಸೈಕಲ್ ದಾರಿ ಮಾಡಿದ್ದಾರೆ, ಸುಮಾರು ಎರಡು ಕಿಲೋಮೀಟರು. ಚಿತ್ರ ನೋಡಿಯೇ ನನಗೆ ತಲೆ ತಿರುಗಿತು. ನಮ್ಮ ಮನೆಯವರು ಮಾತ್ರ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ‘ಹೋದರೆ ಸೈಕಲ್ ನಾನು ತುಳೀತೀನಿ, ನೀನು ಹಿಂದೆ ಕೂತ್ಕೋ’ ಎಂದರು. ರಾತ್ರಿಯ ಮಾತ್ರೆ ನುಂಗಿ ನೀರು ಕುಡಿಯುತ್ತಾ ಹೇಳಿದ ಮಾತು ಅದು.

ಅಂದ ಹಾಗೆ, ಶಿರಸಿಯ ಕಡೆಯ ಓದುಗರೊಬ್ಬರು ಗಜನಿಂಬೆಯ ಸಿಹಿ ಉಪ್ಪಿನಕಾಯಿಯ ವಿಧಾನ ಕೇಳಿ ಎರಡು ಸಲ ಬರೆದಿದ್ದಾರೆ. ಹೋಳಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟಿದ್ದೇನೆ, ಕಹಿ ಬಿಟ್ಟಿದೆಯೋ ಇಲ್ಲವೋ ಇನ್ನೂ ನೋಡಬೇಕು. ಚೆನ್ನಾಗಿ ಬಂದರೆ ಮುಂದಿನ ಸಂಚಿಕೆಯಲ್ಲಿ ಅಳತೆ ಸಹಿತ ಬರೆಯುತ್ತೇನೆ.